ವೀರೂನ ಟ್ಯೂಷನ್

ಮೊನ್ನೆ ಬೆಳಗಿನ ಪೇಪರ್ ಬಿಡಿಸಿದಾಗ ಒಳಗಿನಿಂದ ಗುಲಾಬಿ ಹಾಳೆಯೊಂದು ಜಾರಿ ಬಿತ್ತು. ಗಣಿತದ ಟ್ಯೂಷನ್ ಜಾಹೀರಾತು. ಇಲ್ಲಿ ಬಾಗಲಕೋಟೆಯ ನವನಗರದಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಇಂಥವು ಬಂದೇ ಬರುತ್ತವೆ. ನಿಮ್ಮ ಮನೆಗೂ ಬಂದಿರುತ್ತವೆ. ಬೇರೆ ವರ್ಷಗಳಲ್ಲಾದರೆ ಅದರ ಮೇಲೆ ಸೊಪ್ಪು ಸೋಸಿ, ಕಸದ ಜೊತೆ ಮಡಿಚಿ ಎಸೆಯುತ್ತಿದ್ದೆ. ಈ ಸಲ ಆಗಲಿಲ್ಲ. ಆರನೆಯ ತರಗತಿಯಲ್ಲಿರುವ ಮಗಳು ಅಕ್ಷತಾ ಗಣಿತದಲ್ಲಿ ಮತ್ತೆ ಫೇಲಾಗಿದ್ದಾಳೆ. "ಸುಮ್ನ ಟ್ಯೂಷನ್‌ಗೆ ಹಾಕು" ಎಂದು ಹೇಳಿ ಮನೆಯವರು ಆಫೀಸಿಗೆ ಹೋದರು. ಅವರಿಗೆ ಅದು ಮುಗಿದ ಮಾತು. ನನಗೆ ಮಾತ್ರ ಆ ಶಬ್ದ ಕೇಳಿದರೆ ಇಳಕಲ್ ಬಸ್‌ಸ್ಟ್ಯಾಂಡು ಕಣ್ಣಿಗೆ ಕಟ್ಟುತ್ತದೆ.

ನಾವು ಬೆಳೆದದ್ದು ಹುನಗುಂದದಲ್ಲಿ. ಅಪ್ಪನದು ಔಷಧಿ ಅಂಗಡಿ. ನನ್ನ ತಮ್ಮ ವೀರೂ ಅಂಗಡಿಗೆ ಬಂದವರನ್ನೆಲ್ಲ ಸಂಜೆ ಮನೆಯಲ್ಲಿ ಮತ್ತೆ ಹುಟ್ಟಿಸುತ್ತಿದ್ದ. ಕೆಮ್ಮುವ ಮುದುಕಿ, ಸೂಜಿಗೆ ಅಂಜುವ ಪೈಲ್ವಾನ, ಎಲ್ಲರೂ ಅವನ ಗಂಟಲಿನಿಂದ ಬರುತ್ತಿದ್ದರು. ಅವ್ವ ನಕ್ಕು ನಕ್ಕು ರೊಟ್ಟಿ ಸೀಯಿಸಿದ್ದುಂಟು. ಒಮ್ಮೆ ಕೇಳಿದ ಪಾಠವನ್ನು ಹಾಗೇ ಒಪ್ಪಿಸುವ ಅವನಿಗೆ ಅಂಕಿಗಳು ಮಾತ್ರ ನಿಲ್ಲುತ್ತಿರಲಿಲ್ಲ. ಇಪ್ಪತ್ಮೂರು ಬರೆ ಎಂದರೆ ಮೂವತ್ತೆರಡು ಬರೆಯುತ್ತಿದ್ದ. ಗೋಡೆ ಗಡಿಯಾರ ಅವನಿಗೆ ಕಡೆಗೂ ತಿಳಿಯಲಿಲ್ಲ. ನಾನೇನೂ ಮಹಾ ಜಾಣೆಯಲ್ಲ, ಮಗ್ಗಿಯನ್ನು ಗಿಣಿಯ ಹಾಗೆ ಒದರುತ್ತಿದ್ದೆ, ಅಷ್ಟೇ. ಈಗ ಮಗಳ ಭಿನ್ನರಾಶಿಯ ಮುಂದೆ ಕೂತರೆ ಆ ಗಿಣಿಯೂ ಹಾರಿಹೋಗಿರುತ್ತದೆ. ಉಳಿಯುವುದು ನನ್ನ ದೊಡ್ಡ ದನಿಯೊಂದೇ.

ವೀರೂನನ್ನು ಮೊದಲು ಹಾಕಿದ್ದು ನಮ್ಮ ಓಣಿಯ ಖಾಜಿ ಸರ್ ಹತ್ತಿರ. ಅವರು ಹುಣಸೆಬೀಜ ಹರವಿ ಕೂಡಿಸಲು, ಕಳೆಯಲು ಹೇಳಿಕೊಡುತ್ತಿದ್ದರು. ಅಲ್ಲಿಗೆ ವೀರೂ ಓಡಿಕೊಂಡೇ ಹೋಗುತ್ತಿದ್ದ. ಆದರೆ ಪರೀಕ್ಷೆಯಲ್ಲಿ ಏನೂ ಬದಲಾಗಲಿಲ್ಲ. ಒಂದು ದಿನ ಸರ್ ತಾವಾಗಿ ಅಂಗಡಿಗೆ ಬಂದರು.

"ಅಣ್ಣಾರ, ಹುಡುಗ ದಡ್ಡ ಅಲ್ರಿ. ಅವಂಗ ಅಂಕಿ ಬ್ಯಾರೆ ನಮೂನಿ ಕಾಣಸ್ತಾವ. ಭಾಳ ದಿನ ಹಿಡೀತೈತಿ. ಅವಸರ ಮಾಡಬ್ಯಾಡ್ರಿ."

ಅಪ್ಪನಿಗೆ ಅದು ಕೈಲಾಗದ ಮಾಸ್ತರರ ಮಾತಾಗಿ ಕೇಳಿಸಿತು. ಅಪ್ಪ ಕೆಟ್ಟವನಲ್ಲ, ಮಗ ಹಿಂದೆ ಬೀಳುತ್ತಾನೆಂಬ ಅಂಜಿಕೆ ಅವನನ್ನು ಕಿವುಡು ಮಾಡಿತ್ತು. ಇಳಕಲ್‌ನಲ್ಲಿ ಹೆಸರಾದ ಒಂದು ಟ್ಯೂಷನ್ ಇತ್ತು. ಖಾಜಿ ಸರ್ ಹತ್ತಿರ ಬಿಡಿಸಿ ಅವನನ್ನು ಅಲ್ಲಿಗೆ ಹಾಕಿದ. ದಿನಾ ಶಾಲೆ ಬಿಟ್ಟ ಕೂಡಲೇ ವೀರೂ ಬಸ್ಸು ಹತ್ತತೊಡಗಿದ. ಬರಬರುತ್ತ ಅವನ ಮುದುಕಿಯೂ ಪೈಲ್ವಾನನೂ ನಮ್ಮ ಮನೆಗೆ ಬರುವುದು ನಿಂತಿತು. ಊಟದ ತಾಟಿನ ಮುಂದೆ ಸುಮ್ಮನೆ ಕೂಡುತ್ತಿದ್ದ. ಓದಿನ ದಣಿವು ಎಂದುಕೊಂಡೆವು. ಎಷ್ಟು ಸುಲಭ ನೋಡಿ, ಹಾಗೆಂದುಕೊಳ್ಳುವುದು.

ಆ ಚಳಿಗಾಲ ಸೋದರಮಾವನ ಮಗಳ ಮದುವೆಗೆ ಸೀರೆ ತರಲು ಅಪ್ಪ, ಅವ್ವ, ನಾನು ಇಳಕಲ್‌ಗೆ ಹೋದೆವು. ಬಸ್ಸಿನಿಂದ ಇಳಿದರೆ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ವೀರೂ. ತೊಡೆಯ ಮೇಲೆ ಪುಸ್ತಕ ತುಂಬಿದ ಪಾಟೀಚೀಲ. ಟ್ಯೂಷನ್ನಿನಲ್ಲಿ ಇರಬೇಕಾದ ಹೊತ್ತು. ನಮ್ಮನ್ನು ಕಂಡು ಓಡಲಿಲ್ಲ, ಅಳಲೂ ಇಲ್ಲ. ಅಪ್ಪನ ಕೈ ಏಳುತ್ತದೆಂದು ಅವ್ವ ನಡುವೆ ನಿಂತಳು. ಅಪ್ಪ ಅವಳನ್ನು ಸರಿಸಿ ಅವನ ಪಕ್ಕ ಕೂತ.

"ಹೊಡೀತಾರೇನೋ?"

"ಇಲ್ಲ. ಬೋರ್ಡಿಗೆ ಕರದು ನಿಲ್ಲಸ್ತಾರ. ಎಲ್ಲಾರೂ ನಗತಾರ ಅಪ್ಪಾ."

"ಎಷ್ಟ ದಿನಾತು, ಹಿಂಗ ಇಲ್ಲಿ ಕುಂಡ್ರಾಕತ್ತಿ?"

ವೀರೂ ಬೆರಳು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. "ಗೊತ್ತಾಗವಲ್ದು" ಎಂದ. ಅಪ್ಪ ಆ ಬೆರಳುಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡ. ಸೀರೆ ತರದೆ ಮನೆಗೆ ಬಂದೆವು.

ಟ್ಯೂಷನ್ ನಿಂತಿತು. ಖಾಜಿ ಸರ್ ಅಷ್ಟರಲ್ಲಿ ಬಾದಾಮಿಯ ಮಗಳ ಮನೆಗೆ ಹೋಗಿಬಿಟ್ಟಿದ್ದರು. ವೀರೂ ಹತ್ತನೆಯ ತರಗತಿ ದಾಟಲಿಲ್ಲ. ಈಗ ಕಮತಗಿಯಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾನೆ. ಹಿಂದೆ ಮಕ್ಕಳು ಗದ್ದಲ ಮಾಡುತ್ತವೆ, ಮುಂದೆ ಇವನು ಮಾತಿಲ್ಲದೆ ಕೂತಿರುತ್ತಾನೆ. ಬೇಡಿದರೂ ಯಾರ ಅಣಕೂ ಮಾಡುವುದಿಲ್ಲ.

ಮೊನ್ನೆ ಮಧ್ಯಾಹ್ನ ಅವನಿಗೇ ಫೋನ್ ಮಾಡಿದೆ. "ಅಕ್ಷತಾನ್ನ ಟ್ಯೂಷನ್‌ಗೆ ಹಾಕಬ್ಯಾಡ ಅಂತ ಮಾಡೇನಿ ವೀರೂ." ಅವನು ಸಮಾಧಾನಪಟ್ಟಾನು ಎಂದುಕೊಂಡಿದ್ದೆ.

"ಬಿಡಸದಿದ್ರ ಖಾಜಿ ಸರ್ ಕಡೆ ನಾ ಇನ್ನೂ ಹೋಗ್ತಿದ್ನೆಕ್ಕಾ" ಎಂದ. "ಹಾಕೂವಾಗೂ ಯಾರೂ ನನ್ನ ಕೇಳಲಿಲ್ಲ, ಬಿಡಸೂವಾಗೂ ಕೇಳಲಿಲ್ಲ. ನೀ ಅಕೀನ್ನ ಕೇಳಿಯೇನು?"

ಕೇಳಿರಲಿಲ್ಲ.

ಸಂಜೆ ಅಕ್ಷತಾ ಶಾಲೆಯಿಂದ ಬಂದಳು. ಬೂಟು ಬಿಚ್ಚುತ್ತಿದ್ದಾಗ ಆದಷ್ಟು ಮೆತ್ತಗೆ ಕೇಳಿದೆ: "ಗಣಿತಕ್ಕ ಟ್ಯೂಷನ್‌ಗೆ ಹೋಗ್ತೀಯೇನವಾ? ಬ್ಯಾಡಂದ್ರ ಬ್ಯಾಡ."

ಅವಳು ನನ್ನ ಮುಖವನ್ನೇ ನೋಡಿದಳು, ಸರಿಯುತ್ತರ ಅಲ್ಲೆಲ್ಲೋ ಬರೆದಿದೆಯೇನೋ ಎನ್ನುವಂತೆ.

"ಹೋದ್ರ, ಮನ್ಯಾಗ ನೀ ಹೇಳಿಕೊಡೂದು ಬಿಡ್ತೀಯೇನ್ ಮಮ್ಮಿ?"

"ಬಿಡ್ತೇನಿ" ಎಂದೆ.

"ಹಂಗಾರ ಹೋಗ್ತೇನಿ."

ಎಷ್ಟೋ ದಿನಗಳ ಮೇಲೆ ಹಗುರಾಗಿ ಒಳಗೆ ಓಡಿದಳು. ನಾನು ಅವಳ ಬೂಟುಗಳನ್ನು ಜೋಡಿಸಿಟ್ಟು, ಹೊಸ್ತಿಲ ಮೇಲೇ ಕೂತುಬಿಟ್ಟೆ.