ಕುರಿಗಳು ಒಳಗಿದ್ದಾಗ ಕೊಟ್ಟ ‘ನೋ’

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಪಾವಗಡ ತಾಲ್ಲೂಕಿನ ಒಂದು ಸಣ್ಣ ಸೌರ ವಿದ್ಯುತ್ ಘಟಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ಸೂರ್ಯನ ಕಡೆಗೆ ಪ್ಯಾನೆಲ್ ಸಾಲುಗಳನ್ನು ವಾಲಿಸುವ ಮೋಟರ್‌ಗಳ ಪ್ರೋಗ್ರಾಂ ನನ್ನ ಹೊಣೆ. ಹುಲ್ಲು ಎತ್ತರಕ್ಕೆ ಬೆಳೆದರೆ ಪ್ಯಾನೆಲ್ ಮೇಲೆ ನೆರಳು ಬೀಳುತ್ತದೆ. ಅದಕ್ಕೇ ವಳ್ಳೂರು ಕಡೆಯ ಹನುಮಕ್ಕನ ಕುರಿಗಳನ್ನು ಒಳಗೆ ಮೇಯಲು ಬಿಡುವುದು ನಮ್ಮಲ್ಲಿ ರೂಢಿ. ಅವು ಒಳಗಿದ್ದಷ್ಟು ಹೊತ್ತು ಮೋಟರ್ ಅಲುಗಾಡಕೂಡದು.

ಅವತ್ತು ಬೆಳಿಗ್ಗೆ ತಾಪಮಾನದ ಅಳತೆಯನ್ನಷ್ಟೇ ಪರೀಕ್ಷಿಸಬೇಕಿತ್ತು. ಅದಕ್ಕೆ ಕರೆಂಟು ಬೇಕಾದ್ದರಿಂದ ಮೇನ್ ಸ್ವಿಚ್ ಆನ್ ಇತ್ತು. ಪ್ರೋಗ್ರಾಂ ತಯಾರಿಸುವ ಮುನ್ನ ಯಾವ ಭಾಗ ಬೇಕು, ಯಾವುದು ಬೇಡ ಎಂದು ಅದನ್ನು ಜೋಡಿಸಿಕೊಡುವ ಬಿಲ್ಡ್ ಸ್ಕ್ರಿಪ್ಟಿಗೆ ತಿಳಿಸಬೇಕು. ಮೋಟರ್ ಭಾಗ ಬೇಡವಾದಾಗ ನಾವು ಆ ಆಯ್ಕೆಯನ್ನೇ ಬರೆಯುತ್ತಿರಲಿಲ್ಲ. ಕುರಿ ಒಳಗಿವೆಯಲ್ಲ, ಎಚ್ಚರ ಹೆಚ್ಚಾಯಿತು ನೋಡಿ! ‘with-motor=no’, ಅಂದರೆ ಮೋಟರ್ ಬೇಡ, ಎಂದು ಸ್ಪಷ್ಟವಾಗಿ ಬರೆಯಿರಿ ಎಂದು ಹೆಡ್ಡಾಫೀಸಿನಿಂದ ಸೂಚನೆ ಬಂತು. ಬರೆದೆ. ಪರದೆಯ ಮೇಲೂ ‘motor: no’ ಎಂದೇ ಮೂಡಿತು.

ಪ್ರೋಗ್ರಾಂ ಹಾಕಿದ್ದೇ ತಡ, ಹೊರಗೆ ಗುಂಯ್ ಎಂದಿತು. ಸಾಲುಗಳು ವಾಲತೊಡಗಿದ್ದವು. ನಿಲ್ಲಿಸುವ ಆಜ್ಞೆ ಕೊಟ್ಟೆ, ಕೇಳಲಿಲ್ಲ. ಎಲೆಕ್ಟ್ರಿಷಿಯನ್ ತಿಪ್ಪೇಸ್ವಾಮಿ ಮೇನ್ ಸ್ವಿಚ್ಚಿನತ್ತ ಓಡಿದ. ನಾನು ಹನುಮಕ್ಕನಿಗೆ ಫೋನ್ ಹಚ್ಚಿ, “ಹೊರಗೆ ಬಾರಕ್ಕ, ಬೇಗ!” ಎಂದು ಕಿರುಚಿದೆ.

“ಕುರಿ ಬುಟ್ಟು ನಾನೆಂಗ್ ಬರ್ಲಿ ಸಾರ್? ಮರಿ ಸಿಗಾಕ್ಕಂಡೈತೆ!”

ಓಡಿದೆ. ಪ್ಯಾನೆಲ್ಲಿನ ಅಂಚು ಅವಳ ಬೆನ್ನಿಗೆ ತಾಗುವಷ್ಟು ಕೆಳಗೆ ಬಂದಿತ್ತು. ಅವಳು ಕೇಬಲ್ಲಿಗೆ ಸಿಕ್ಕಿದ್ದ ಮರಿಯ ಕಾಲು ಬಿಡಿಸುತ್ತಲೇ ಇದ್ದಳು. ಅಷ್ಟರಲ್ಲಿ ಸದ್ದು ನಿಂತಿತು; ತಿಪ್ಪೇಸ್ವಾಮಿ ಮೇನ್ ಸ್ವಿಚ್ ಆರಿಸಿದ್ದ. ಹನುಮಕ್ಕ ಮರಿಯನ್ನು ಅವಚಿಕೊಂಡು ಕುಸಿದು ಕೂತಳು.

ಆಮೇಲೆ ಸ್ಕ್ರಿಪ್ಟ್ ಓದಿದೆ. ಆಯ್ಕೆಯ ಮುಂದೆ ಏನಾದರೂ ಬರೆದಿದ್ದಾರೆಯೇ ಎಂದಷ್ಟೇ ಅದು ನೋಡುತ್ತಿತ್ತು. ಖಾಲಿಯಿದ್ದರೆ ಮೋಟರ್ ಬೇಡ, ಏನೇ ಇದ್ದರೂ ಬೇಕು. ‘ನೋ’ ಕೂಡ ಅದರ ಲೆಕ್ಕದಲ್ಲಿ ಏನೋ ಒಂದು. ಅಯ್ಯೋ, ಇಷ್ಟಕ್ಕೆ ಒಂದು ಜೀವ ಹೋಗುತ್ತಿತ್ತಲ್ಲ! ತಿದ್ದಿದೆ: ಯೆಸ್ ಎಂದರೆ ಮಾತ್ರ ಸೇರಿಸು, ನೋ ಎಂದರೆ ಅಥವಾ ಖಾಲಿಯಿದ್ದರೆ ಬಿಡು, ಬೇರೆ ಏನೇ ಬಂದರೂ ಬಿಲ್ಡನ್ನೇ ನಿಲ್ಲಿಸು.

ಮರುದಿನ ಹನುಮಕ್ಕ ಗೇಟು ದಾಟಲಿಲ್ಲ. “ಸರಿಯಾಗೈತೆ ಅಂದ್ರೆ ನೀವೇ ಅಡೀಗ್ ನಿಂತ್ಕಳಿ ಸಾರ್. ಆಮ್ಯಾಕೆ ನನ್ ಕುರಿ ಬತ್ತವೆ.”

ನಿಂತೆ. ತಿಪ್ಪೇಸ್ವಾಮಿ ಅದೇ ‘ನೋ’ ಕೊಟ್ಟ ಹೊಸ ಪ್ರೋಗ್ರಾಂ ಹಾಕಿದ. ತಿದ್ದುಪಡಿಯ ಒಂದೊಂದು ಸಾಲನ್ನೂ ನಾನೇ ಬರೆದಿದ್ದೆ. ಆದರೂ ಪ್ಯಾನೆಲ್ಲಿನ ಅಂಚಿನಿಂದ ಕಣ್ಣು ಕೀಳಲಿಲ್ಲ. ಪ್ಯಾನೆಲ್ ಮಿಸುಕಲಿಲ್ಲ. ಹನುಮಕ್ಕ ಕುರಿಗಳನ್ನು ಒಳಗೆ ಬಿಟ್ಟಳು.

ಅಂದಿನಿಂದ, ‘ಬೇಕು’ ಎಂದಾಗ ಓಡುತ್ತದೆಯೇ ಎಂದು ನೋಡುವ ಮೊದಲು ‘ಬೇಡ’ ಎಂದಾಗ ನಿಜಕ್ಕೂ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಅಡಿಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ.