ಕ್ಯಾಂಟರ್ ಮೇಲೆ ಹೋದ ಕಾರು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಮೂವತ್ತೈದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಇಷ್ಟು ಸಣ್ಣ ದಾರಿಯ ಬಗ್ಗೆ ಯಾರೂ ಪ್ರವಾಸ ಕಥನ ಬರೆಯುವುದಿಲ್ಲ. ಆದರೆ ಅಂದು ನಮ್ಮೊಡನೆ ಬಂದ ಕಾರು ಚೀನಾದ ಒಂದು ಬಂದರಿನಿಂದ ಹೊರಟು, ಸಮುದ್ರ ದಾಟಿ, ಚೆನ್ನೈಯಲ್ಲಿ ಇಳಿದು, ಮರದ ಪೆಟ್ಟಿಗೆಯೊಳಗೆ ಗುಂಡ್ಲುಪೇಟೆಯ ಒಂದು ಗೋದಾಮಿನವರೆಗೆ ಬಂದಿತ್ತು. ಅದರ ದಾರಿಯ ಕೊನೆಯ ತುಂಡು ಮಾತ್ರ ನಮ್ಮ ಪಾಲಿನದು. ಕೊನೆಯದು ಎಂದು ಬೆಳಿಗ್ಗೆ ಅಂದುಕೊಂಡಿದ್ದೆವು.

ಕಾರು ನನ್ನ ತಂಗಿ ನಾಗಮಣಿಯದು. ಅವಳಿಗೆ ಸೊಂಟದಿಂದ ಕೆಳಗೆ ಬಲವಿಲ್ಲ. ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಭೀಮನಬೀಡಿನ ನಮ್ಮ ಮನೆಯಿಂದ ದಿನವೂ ನಾನು ಅವಳನ್ನು ಎತ್ತಿ ಆಟೋದಲ್ಲಿ ಕೂರಿಸುತ್ತೇನೆ. ಅಲ್ಲಿ ಅಟೆಂಡರ್ ಎತ್ತಿ ಇಳಿಸುತ್ತಾನೆ. ಅವನು ರಜೆ ಹಾಕಿದರೆ ಎದುರಿಗೆ ಸಿಕ್ಕವರು. ಯಾರ ಅಂಗೈ ಬೆವರುತ್ತದೆ, ಯಾರು ಬೀಡಿ ಸೇದಿ ಬಂದಿದ್ದಾರೆ, ಎಲ್ಲ ತನಗೆ ಗೊತ್ತು ಎಂದು ಒಮ್ಮೆ ಹೇಳಿದ್ದಳು. ಕಳೆದ ವರ್ಷ ನನ್ನ ಬೆನ್ನಿನ ಡಿಸ್ಕ್ ಜಾರಿತು. ಬೆಲ್ಟ್ ಕಟ್ಟಿಕೊಳ್ಳಿ, ಭಾರ ಎತ್ತಲೇಬೇಡಿ ಎಂದರು ಮೈಸೂರಿನ ಡಾಕ್ಟರು. ನಾನು ಎತ್ತದಿದ್ದರೆ ಅವಳ ಕೆಲಸ ಹೋಗುತ್ತದೆ. ಪಕ್ಕಕ್ಕೆ ಎರಡು ಚಕ್ರ ಸೇರಿಸಿದ ಸ್ಕೂಟರು ನೋಡಿದೆವು. ಅದರ ಮೇಲೂ ಯಾರಾದರೂ ಎತ್ತಿಯೇ ಕೂರಿಸಬೇಕಿತ್ತು.

ಚೀನಾದ ಈ ಪುಟ್ಟ ಬ್ಯಾಟರಿ ಕಾರನ್ನು ಅವಳೇ ಮೊಬೈಲಿನಲ್ಲಿ ಹುಡುಕಿದಳು. ಹಿಂಬಾಗಿಲು ಬಿಚ್ಚಿದರೆ ಅದೇ ಇಳಿಜಾರು ಹಲಗೆ. ಗಾಲಿಕುರ್ಚಿಯ ಸಮೇತ ಒಳಗೆ ಹೋಗಿ, ಬ್ರೇಕು, ವೇಗ ಎರಡನ್ನೂ ಕೈಯಲ್ಲೇ ನಡೆಸಬಹುದು. ಇಂಥದ್ದನ್ನು ಇಲ್ಲಿ ಮಾಡಿಸಿಕೊಡಲು ಬೆಂಗಳೂರಿನವರು ಹೇಳಿದ ಬೆಲೆಯ ಮೂರನೇ ಒಂದು ಪಾಲಿಗೆ, ಹಡಗಿನ ಬಾಡಿಗೆ, ಸುಂಕ ಎಲ್ಲ ಸೇರಿ, ಹೊಸ ಗಾಡಿಯೇ ಬರುತ್ತಿತ್ತು. ಜಮೀನಿನೊಳಗೆ ಓಡಿಸುವ ಗಾಡಿ ಎಂದು ಬರೆಸಿದರೆ ಬಂದರಿನಲ್ಲಿ ಸಲೀಸು ಎಂದು ತರಿಸಿಕೊಡುವ ಏಜೆಂಟ್ ಹೇಳಿದ. ಹಾಗೆಯೇ ಬರೆಸಿದೆವು. ನಾನು ಒಮ್ಮೆ ಅನುಮಾನಪಟ್ಟೆ. ಅದಕ್ಕೆ ನಾಗಮಣಿ, "ಅಷ್ಟು ದೊಡ್ಡ ಬಂದ್ರಿನೋರೇ ಬುಟ್ಮೇಲೆ ನಮ್ಮ ಚಾಮರಾಜನಗರ್ದೋರು ತಡೆದಾರಾ, ಬುಡಣ್ಣ" ಅಂದಳು. ನಮ್ಮ ಕಡೆ ಪಂಪ್‌ಸೆಟ್ಟಿನ ಇಂಜಿನ್ನಿಗೆ ನಾಲ್ಕು ಚಕ್ರ ಕಟ್ಟಿ ರಸ್ತೆಗಿಳಿಸುವುದನ್ನು ನೋಡುತ್ತಲೇ ಬೆಳೆದವರು ನಾವು. ನಾನೂ ನಂಬಿದೆ.

ಹೊರಟದ್ದು ಆಷಾಢದ ಒಂದು ಬೆಳಿಗ್ಗೆ. ಗಾಳಿ ಜೋರಾಗಿತ್ತು, ತುಂತುರು ಬಂದು ಬಂದು ನಿಲ್ಲುತ್ತಿತ್ತು. ನಂಬರ್ ಇಲ್ಲದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ನೋಂದಣಿಗೆ ಒಯ್ಯಲು ಕ್ಯಾಂಟರ್ ಲಾರಿ ಗೊತ್ತು ಮಾಡಿದ್ದೆವು. ಹೋಗಿ ಬರಲು ಮೂರೂವರೆ ಸಾವಿರ. ಡ್ರೈವರ್ ಶಾಜಿ ಸುಲ್ತಾನ್ ಬತ್ತೇರಿಯವನು, ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಹೊಡೆಯುವವನು. ನಾನು ಚೆಂಡುಹೂವಿನ ಹಾರವನ್ನೂ ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣನ್ನೂ ತಂದಿದ್ದೆ. ಹಾರಕ್ಕೆ ನಾಗಮಣಿ ಒಪ್ಪಿದಳು. ನಿಂಬೆಹಣ್ಣು ನಂಬರ್ ಸಿಕ್ಕಿದ ಮೇಲೆ ಎಂದಳು. ಹಣ್ಣುಗಳನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡೆ.

ಕ್ಯಾಂಟರಿಗೆ ಎರಡು ಹಲಗೆ ಒರಗಿಸಿದರು. ಹಗ್ಗ ಕಟ್ಟಿ ಎಳೆಯೋಣ ಎಂದು ಗೋದಾಮಿನವರು ನಿಂತಿದ್ದರು. ನಾಗಮಣಿ ಗಾಲಿಕುರ್ಚಿ ಉರುಳಿಸಿಕೊಂಡು ಕಾರಿನೊಳಗೆ ಹೋಗಿ ಬಾಗಿಲೆಳೆದುಕೊಂಡಳು. ಗುಂಡಿ ಒತ್ತಿದಾಗ ಕಾರಿನೊಳಗಿನ ಹೆಂಗಸಿನ ದನಿ ಚೀನೀ ಭಾಷೆಯಲ್ಲಿ ಏನೋ ಹೇಳಿತು. ಕಾರು ಸದ್ದಿಲ್ಲದೆ ಹಲಗೆ ಹತ್ತಿ ಮೇಲೆ ಹೋಗಿ ನಿಂತಿತು. ಅವಳು ನಕ್ಕಳು ಎಂದು ನನ್ನ ನೆನಪು. ಗಾಜಿನ ಮೇಲೆ ಹನಿಗಳಿದ್ದವು, ಕಂಡಿರಲಾರದು.

ಇಳಿದು ಮುಂದೆ ಕೂರಬೇಕಲ್ಲ ಎಂದು ಶಾಜಿ ಕೇಳಿದ. ಇಳಿಯುವುದೆಂದರೆ, ಮತ್ತೆ ಇಬ್ಬರು ಎತ್ತಿ ಕ್ಯಾಬಿನ್ನಿಗೆ ಹತ್ತಿಸುವುದೆಂದರೆ, ಅವಳಿಗೆ ಅಂದು ಸಾಧ್ಯವೇ ಇರಲಿಲ್ಲ. "ನಾನು ನನ್ನ ಗಾಡೀಲೇ ಬತ್ತೀನಿ. ನೀನು ನಿನ್ನ ಗಾಡಿ ಓಡುಸು" ಎಂದಳು. ಶಾಜಿ ತಲೆ ಕೆರೆದುಕೊಂಡು, "ಶರಿ ಚೇಚಿ, ಪೊಲೀಸ್ ಕಂಡ್ರೆ ಸ್ವಲ್ಪ ಬಗ್ಗಿ. ನೀವು ಸ್ಟಿಯರಿಂಗ್ ತಿರುಗಿಸಿದ್ರೂ ನಾನು ಹೋದ ಕಡೇನೇ ಹೋಗೋದು" ಎಂದು ನಾಲ್ಕೂ ಚಕ್ರಕ್ಕೆ ಹಗ್ಗ ಬಿಗಿದ. ನಾನು ಕಾರಿನ ಪಕ್ಕ ಕ್ಯಾಂಟರಿನ ಪಟ್ಟಿ ಹಿಡಿದು ನಿಂತೆ.

ಊರು ದಾಟಿದ ಮೇಲೆ ಎರಡೂ ಕಡೆ ಅರಿಶಿನ, ನಡುವೆ ಅಲ್ಲಲ್ಲಿ ಹಳದಿ ಹೂವಿನ ಹೊಲ. ಒಂದು ಹೊಲದ ಮುಂದೆ ಕೇರಳದ ಕುಟುಂಬವೊಂದು ಹಣ ಕೊಟ್ಟು ಒಳಗೆ ಹೋಗಿ ಫೋಟೋ ತೆಗೆದುಕೊಳ್ಳುತ್ತಿತ್ತು. ನಮ್ಮ ಕ್ಯಾಂಟರ್ ಕಂಡದ್ದೇ ಹೂ ಬಿಟ್ಟು ಮೊಬೈಲು ಈ ಕಡೆ ತಿರುಗಿಸಿದರು. ಶಾಜಿ ನಿಲ್ಲಿಸಿ ಕಾರಿನ ಗುಣಗಾನ ಮಾಡಿದ, ತಾನೇ ತರಿಸಿದವನಂತೆ. ನಾಗಮಣಿ ಹಾರ್ನ್ ಒತ್ತಿದಳು. ಕೋಳಿಮರಿಯಂಥ ಸದ್ದು. ತೆರಕಣಾಂಬಿಯಲ್ಲಿ ಇಡ್ಲಿ ತಿಂದೆವು. ಅವಳಿಗೆ ಕಾರಿನ ಕಿಟಕಿಯಲ್ಲಿ ಕೊಟ್ಟೆ. ನಾಳೆಯಿಂದ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗು ಎಂದಳು ನನಗೆ.

ಇದೆಲ್ಲ ಸಲೀಸಾಗಿ ನೆನಪಾಗುತ್ತದೆ. ಅದಕ್ಕೇ ಅನುಮಾನ. ಚಾಮರಾಜನಗರ ತಲುಪಿದ ಮೇಲಿನದು ಮಾತ್ರ ಚೂರುಚೂರಾಗಿದೆ. ಅದನ್ನೇ ಹೆಚ್ಚು ನಂಬುತ್ತೇನೆ. ಸಾರಿಗೆ ಕಚೇರಿಯ ಅಂಗಳದಲ್ಲಿ ನೀರು ನಿಂತಿತ್ತು. ಅಧಿಕಾರಿ ತಾವಾಗಿ ಹೊರಗೆ ಬಂದರು. ಅವರ ಕೈಯಲ್ಲಿ ಕಡಲೆಕಾಯಿ ಇತ್ತು ಎನ್ನುತ್ತೇನೆ ನಾನು. ಇರಲಿಲ್ಲ ಎನ್ನುತ್ತಾಳೆ ತಂಗಿ. ಕ್ಯಾಂಟರ್ ಹತ್ತಿ ಕಾರನ್ನು ಸುತ್ತಿ ನೋಡಿ ಚೆನ್ನಾಗಿದೆ ಎಂದರು. ಹಿಂಬಾಗಿಲ ಹಲಗೆಯನ್ನು ಎರಡು ಸಲ ಬಿಚ್ಚಿಸಿ ನೋಡಿದರು. ಸಿಟ್ಟು ಮಾಡಿಕೊಳ್ಳಲು ಅವರು ನಮಗೆ ಯಾವ ಕಾರಣವನ್ನೂ ಕೊಡಲಿಲ್ಲ.

ಆಮೇಲೆ ನನ್ನನ್ನು ಒಳಗೆ ಕರೆದು ಕಂಪ್ಯೂಟರ್ ತೋರಿಸಿದರು. ರಸ್ತೆಗೆ ಒಪ್ಪಿಗೆಯಾದ ಗಾಡಿಗಳ ಹೆಸರುಗಳಷ್ಟೇ ಅದರಲ್ಲಿ ಬರುತ್ತವೆ. ನಮ್ಮದು ಬರಲಿಲ್ಲ. ಒಪ್ಪಿಗೆ ಬೇಕಾದರೆ ಪುಣೆಯಲ್ಲಿ ಪರೀಕ್ಷೆಯಾಗಬೇಕು. ಅದು ಸಾವಿರಾರು ಗಾಡಿ ಮಾರುವ ಕಂಪನಿಗಳು ಮಾಡಿಸುವ ಪರೀಕ್ಷೆ. ಅದರ ಖರ್ಚಿನಲ್ಲಿ ಇಂಥ ಎಷ್ಟೋ ಕಾರು ಬರುತ್ತವೆ. ಮೇಲಾಗಿ ರಸ್ತೆಗಲ್ಲ ಎಂದು ನಾವೇ ಬರೆದುಕೊಟ್ಟು ಬಿಡಿಸಿಕೊಂಡಿದ್ದೇವೆ. ಇದನ್ನು ತಂಗಿಗೆ ನೀವೇ ಹೇಳಿ ಎಂದು ಕೇಳಿಕೊಂಡೆ. ಅವರು ಮತ್ತೆ ಹೊರಗೆ ಬಂದರು.

"ನಿಮ್ಮ ಜಮೀನೊಳಗೆ ಓಡಿಸ್ಕೊಳ್ಳಿ ತಾಯಿ. ಅಲ್ಲಿ ಯಾರೂ ಕೇಳಲ್ಲ" ಎಂದರು.

ನಾಗಮಣಿ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. "ನಮ್ಮ ಜಮೀನು ನಮ್ಮ ಆಪೀಸ್ಗಂಟ ಇಲ್ವಲ್ಲ ಸಾರ್."

ಅವರು ನನ್ನ ಕಡೆ ತಿರುಗಿದರು. ಊಟ ಮಾಡಿಕೊಂಡು ಹೋಗಿ ಎಂದು ನನಗೆ ಹೇಳಿದರು. ನಾವು ಊಟ ಮಾಡಲಿಲ್ಲ.

ವಾಪಸು ಬರುವಾಗ ಬಿಸಿಲು ಬಂದಿತ್ತು. ದಾರಿಬದಿಯವರು ಬೆಳಿಗ್ಗೆಯಂತೆಯೇ ಕೈ ಬೀಸಿದರು. ಅವರಿಗೆ ಹೋಗುವ ಕಾರೂ ಬರುವ ಕಾರೂ ಒಂದೇ. ಅವಳು ಸ್ಟಿಯರಿಂಗ್ ಮೇಲಿನ ಕೈ ತೆಗೆದಿರಲಿಲ್ಲ. ತೆರಕಣಾಂಬಿಯಲ್ಲಿ ಶಾಜಿ ಸೋಡಾ ತಂದು, ಜೇಬಿನಲ್ಲಿದ್ದ ನಿಂಬೆಹಣ್ಣು ಕೊಡಿ ಎಂದ. ಕೊಟ್ಟೆ. ನಾಲ್ಕನ್ನೂ ಹಿಂಡಿದ. ಚಕ್ರಕ್ಕೆಂದು ತಂದದ್ದನ್ನು ಮೂವರೂ ಕುಡಿದೆವು. ಉಪ್ಪು ಜಾಸ್ತಿಯಾಗಿತ್ತು. ಮಾವನ ಮಗನಿಗೂ ಇಂಥ ಕಾರೊಂದನ್ನು ತರಿಸಬೇಕೆಂದಿದ್ದೆ ಎಂದ ಶಾಜಿ.

ಗುಂಡ್ಲುಪೇಟೆಯ ಅವಳ ಕಚೇರಿಯ ಮುಂದೆಯೇ ಬರಬೇಕಿತ್ತು. ಅಟೆಂಡರ್ ಗೇಟಿನಲ್ಲಿ ನಿಂತು ಹೆಬ್ಬೆರಳೆತ್ತಿ ತೋರಿಸಿದ. ಕೆಲಸವಾಯಿತು ಎಂದುಕೊಂಡಿರಬೇಕು. ನಾಗಮಣಿ ಹಾರ್ನ್ ಒತ್ತಲಿಲ್ಲ.

ಭೀಮನಬೀಡು ಮುಟ್ಟುವಾಗ ಹೊತ್ತು ಇಳಿದಿತ್ತು. ಮನೆಯ ಹಿಂದಿನ ದಿಬ್ಬಕ್ಕೆ ಶಾಜಿ ಕ್ಯಾಂಟರನ್ನು ಒತ್ತಿ ನಿಲ್ಲಿಸಿ ಹಗ್ಗ ಬಿಚ್ಚಿದ. ನಾಗಮಣಿ ಕಾರನ್ನು ದಿಬ್ಬದ ಮೇಲಕ್ಕೆ ಇಳಿಸಿಕೊಂಡಳು. ಹೇಳಿದ್ದಕ್ಕಿಂತ ಐನೂರು ಕಡಿಮೆ ತೆಗೆದುಕೊಂಡು ಹೊರಟುಹೋದ. ಕಾರು ದಿಬ್ಬ ಇಳಿದು ಮನೆಯನ್ನು ಬಳಸಿ, ಬಾಳೆಯ ಸಾಲಿನ ಪಕ್ಕ ಸಾಗಿ, ರಸ್ತೆಗೆ ತೆರೆಯುವ ಗೇಟಿನವರೆಗೆ ಹೋಯಿತು. ಎಷ್ಟು ನಿಧಾನ ಹೋದರೂ ಬೇಗ ಮುಗಿಯುವ ದಾರಿ. ಗೇಟು ತೆರೆದೇ ಇತ್ತು. ಅವಳು ಹೊರಗೆ ಹೋಗಲಿಲ್ಲ. ಗುಂಡ್ಲುಪೇಟೆಯ ಬಸ್ಸು ಮುಂದೆಯೇ ಹಾದುಹೋಯಿತು.

ನಾನು ನಡೆದು ಹತ್ತಿರ ಹೋದೆ. ಅವಳೇ ಮಾತಾಡಿದಳು, ರಸ್ತೆ ನೋಡುತ್ತಲೇ.

"ನಾಳೆಗೆ ಆಟೋದೋನ್ಗೆ ಫೋನ್ ಮಾಡ್ಬುಡಣ್ಣ. ಬೆಲ್ಟ್ ಎಲ್ಲಿಟ್ಟಿದ್ದೀಯ ನೋಡ್ಕೊ. ಕಟ್ಕೊಂಡೇ ಎತ್ತು."

ಬೆಲ್ಟ್ ಹುಡುಕಲು ಒಳಗೆ ಹೊರಟೆ. ಬಾಗಿಲಲ್ಲಿ ತಿರುಗಿ ನೋಡಿದೆ. ಕತ್ತಲಾಗುತ್ತಿತ್ತು. ಗೇಟಿನ ಬಳಿ ಕಾರಿನ ಹಿಂದಿನ ಎರಡು ಕೆಂಪು ದೀಪ ಉರಿಯುತ್ತಲೇ ಇದ್ದವು. ಅವಳು ಇನ್ನೂ ಬ್ರೇಕ್ ಹಿಡಿದೇ ಇದ್ದಳು.