ಒಂದು ಲೋಟ ಅಕ್ಕಿಯ ಸ್ತೋತ್ರ

“ಪಾಸ್ಟರ್, ನನ್ನ ಸರದಿ ಬಿಟ್ಟುಬಿಟ್ರಲ್ಲ?” ಎಂದರು ಸ್ಟೆಲ್ಲಾ ಆಂಟಿ. ಪ್ರಾರ್ಥನೆಗೆ ಸೇರಿದ್ದ ನಾವೆಲ್ಲ ಬೆಚ್ಚಿ ತಲೆಯೆತ್ತಿದೆವು.

ಸಿದ್ದಾಪುರದ ನಮ್ಮ ಮನೆಯಲ್ಲಿ ಅಂದು ವಾರದ ಪ್ರಾರ್ಥನಾ ಕೂಟ. ಆ ವಾರ ದೇವರು ಮಾಡಿದ ಒಂದು ಉಪಕಾರವನ್ನು ಒಬ್ಬೊಬ್ಬರಾಗಿ ಹೇಳಿ ಸ್ತೋತ್ರ ಸಲ್ಲಿಸುವುದು ನಮ್ಮ ರೂಢಿ. ಮಗಳಿಗೆ ಪಿಯುಸಿ ಸೀಟು ಸಿಕ್ಕಿದ್ದಕ್ಕೆ ನಾನು ಸ್ತೋತ್ರ ಹೇಳಿ ಮುಗಿಸಿದ್ದೆ. ಮುಂದಿನ ಸರದಿ ನನ್ನ ಪಕ್ಕದಲ್ಲಿದ್ದ ಆಂಟಿಯದು; ಅವರ ಗಂಡನನ್ನು ಮಣ್ಣು ಮಾಡಿ ತಿಂಗಳೂ ಆಗಿರಲಿಲ್ಲ. ಅವರನ್ನು ಹೇಗೆ ಕೇಳುವುದೆಂದು ತಿಳಿಯದೆ ಪಾಸ್ಟರ್ ಮುಂದಿನವರತ್ತ ತಿರುಗಿದ್ದರು.

ಆಂಟಿ ತಲೆಯ ಮೇಲೆ ಸೆರಗೆಳೆದುಕೊಂಡು ಕಣ್ಣು ಮುಚ್ಚಿದರು. “ಅಪ್ಪಾ, ಅವ್ರು ಹೋದ್ಮೇಲೂ ದಿನಾ ಮರೆತು ಇಬ್ಬರಿಗೂ ಅಕ್ಕಿ ಹಾಕ್ತಿದ್ದೆ. ಕುಕ್ಕರ್ ತೆಗೆದಾಗೆಲ್ಲಾ ಅಳು ಬರ್ತಿತ್ತು. ಇವತ್ತು ನೆನಪಿಟ್ಟು ಒಂದೇ ಲೋಟ ಹಾಕ್ದೆ. ಅದಕ್ಕೆ ಸ್ತೋತ್ರ.”

ಆಮೆನ್ ಕೂಡ ಅವರೇ ಹೇಳಿಕೊಂಡರು.

ಮರುದಿನ ಬೆಳಿಗ್ಗೆ ಗಂಡ, ಮಗಳು, ನಾನು ಎಂದು ಮೂರು ಲೋಟ ಅಕ್ಕಿ ಅಳೆಯುವಾಗ ನನ್ನ ಕೈ ಅಲ್ಲೇ ನಿಂತಿತು. ಮೂರು ಲೋಟಕ್ಕೆ ಸ್ತೋತ್ರ ಅಂದೆ. ಈಗ ದಿನವೂ ಅನ್ನುತ್ತೇನೆ, ಹೆದರಿಕೊಂಡೇ.